ಲಿನಕ್ಸ್‌ನಲ್ಲಿ ಪ್ರೊಸೆಸರ್ ಬಿಸಿ ನೋಡೋದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಲಿನಕ್ಸ್ ಡೆಸ್ಕ್‌ಟಾಪ್‌ನ ಟೆಂಪರೇಚರ್ ಬಗ್ಗೆನೇ ಜಾಸ್ತಿ ಇದ್ವು, ಹಾಗಾಗಿ ಅವನ್ನೆಲ್ಲ ಒಂದೇ ಕಡೆ ತಗೊಂಡಿದೀವಿ. ಕಮಾಂಡ್‌ಗಳನ್ನ ಇಲ್ಲಿ ಕನ್ನಡದಲ್ಲೇ ಬರ್ದಿದೀವಿ, ಟರ್ಮಿನಲ್‌ನಲ್ಲಿ (ಅಂದ್ರೆ ಕಮಾಂಡ್ ಬರೆಯೋ ವಿಂಡೋದಲ್ಲಿ) ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡ್ಕೊಳ್ಳಿ.

ಪ್ರಶ್ನೆ: ಸರ್, ವಿಂಡೋಸ್ ಬಿಟ್ಟು ಉಬುಂಟು ಹಾಕ್ಕೊಂಡಿದೀನಿ. ಅಲ್ಲಿ ಗಡಿಯಾರದ ಪಕ್ಕ ಪ್ರೊಸೆಸರ್ ಎಷ್ಟು ಬಿಸಿ ಇದೆ ಅಂತ ತೋರ್ಸೋ ಒಂದು ಸಾಫ್ಟ್‌ವೇರ್ ಇತ್ತು, ಇಲ್ಲಿ ಸೆಟಿಂಗ್ಸ್ ಪೂರ್ತಿ ಜಾಲಾಡಿದ್ರೂ ಎಲ್ಲೂ ಸಿಗ್ತಿಲ್ಲ. ಲಿನಕ್ಸ್‌ನಲ್ಲಿ ಇದು ಬರೋದೇ ಇಲ್ವಾ?
– ಒಬ್ಬ ವಿದ್ಯಾರ್ಥಿ

ಉತ್ತರ: ಖಂಡಿತ ಬರತ್ತೆ, ಅದನ್ನ ಓದೋಕೆ ಬೇಕಾದ ಡ್ರೈವರ್ ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಬಂದಿರತ್ತೆ. ಪ್ರೊಸೆಸರ್ ಚಿಪ್ಪಿನ ಒಳಗೇ ಸೆನ್ಸರ್‌ಗಳಿವೆ, ಇಂಟೆಲ್ ಆದ್ರೆ ಕೋರ್‌ಟೆಂಪ್ ಅನ್ನೋ ಡ್ರೈವರ್, ಎಎಂಡಿ ಆದ್ರೆ ಕೆ10ಟೆಂಪ್ ಅನ್ನೋ ಡ್ರೈವರ್ ಅವನ್ನ ಓದತ್ತೆ. ಓದಿದ್ದನ್ನ /ಸಿಸ್/ಕ್ಲಾಸ್/ಹೆಚ್‌ಡಬ್ಲ್ಯುಮಾನ್ ಅನ್ನೋ ಫೋಲ್ಡರ್ ಒಳಗೆ ಫೈಲ್ ತರ ಕಾಣಿಸತ್ತೆ, ಒಂದು ಫೈಲ್ ತೆಗೆದ್ರೆ 47000 ಅಂತ ಇರತ್ತೆ, ಅಂದ್ರೆ 47 ಡಿಗ್ರಿ, ಲೆಕ್ಕ ಮಿಲಿ ಡಿಗ್ರಿಯಲ್ಲಿ ಅಷ್ಟೇ.

ಆದ್ರೆ ದಿನಾ ಯಾರು ಆ ಫೋಲ್ಡರ್‌ಗೆಲ್ಲ ಹೋಗಿ ನೋಡ್ತಾರೆ, ಅದಕ್ಕೇ ಎಲ್‌ಎಂ-ಸೆನ್ಸರ್ಸ್ ಅನ್ನೋ ಪ್ಯಾಕೇಜ್ ಇರೋದು. ಉಬುಂಟು, ಡೆಬಿಯನ್, ಮಿಂಟ್‌ನಲ್ಲಿ 'ಸುಡೊ ಆಪ್ಟ್ ಇನ್‌ಸ್ಟಾಲ್ ಎಲ್‌ಎಂ-ಸೆನ್ಸರ್ಸ್' ಅಂತ ಕೊಡಿ. ಫೆಡೋರಾ, ಆರ್ಚ್ ಬಳಸೋರು ಗಮನಿಸಿ, ನಿಮ್ಮಲ್ಲಿ ಅದೇ ಪ್ಯಾಕೇಜ್ ಹೆಸರಲ್ಲಿ ಮಧ್ಯ ಹೈಫನ್ ಬದಲು ಅಂಡರ್‌ಸ್ಕೋರ್ ಇರತ್ತೆ, ಹೈಫನ್ ಹಾಕಿದ್ರೆ ಪ್ಯಾಕೇಜ್ ಸಿಗ್ಲಿಲ್ಲ ಅಂತ ಬರಬಹುದು. ಹಾಕಿದ್ಮೇಲೆ ಟರ್ಮಿನಲ್‌ನಲ್ಲಿ ಬರೀ 'ಸೆನ್ಸರ್ಸ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಮುಕ್ಕಾಲು ಪಾಲು ಮೆಷಿನ್‌ಗಳಲ್ಲಿ ಪ್ರೊಸೆಸರ್ ಟೆಂಪರೇಚರ್ ಅಲ್ಲೇ ಬಂದ್ಬಿಡತ್ತೆ, ಬೇರೆ ಏನೂ ಮಾಡ್ಬೇಕಿಲ್ಲ.

ಬರೋದು ಹೇಗೆ ಅಂದ್ರೆ, ಇಂಟೆಲ್‌ನಲ್ಲಿ 'ಪ್ಯಾಕೇಜ್ ಐಡಿ 0' ಅಂತ ಒಂದು ಸಾಲು, ಅದರ ಕೆಳಗೆ ಕೋರ್ 0, ಕೋರ್ 1 ಅಂತ ಒಂದೊಂದು ಕೋರ್‌ಗೂ ಒಂದೊಂದು ಸಾಲು, ಪ್ರತಿ ಸಾಲಿನ ಕೊನೇಲಿ ಬ್ರಾಕೆಟ್ ಒಳಗೆ 'ಹೈ' ಇಷ್ಟು, 'ಕ್ರಿಟ್' ಇಷ್ಟು ಅಂತ ಎರಡು ಅಂಕಿ. ಕ್ರಿಟ್ ಅನ್ನೋದು ಆ ಚಿಪ್ಪಿನ ಕೊನೇ ಮಿತಿ, ಬಹಳಷ್ಟು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅದು 100 ಡಿಗ್ರಿ. ಹೊಸ ಇಂಟೆಲ್ ಚಿಪ್ಪುಗಳಲ್ಲಿ ಕೋರ್ ನಂಬರ್ 0 ಆದ್ಮೇಲೆ 4, ಆಮೇಲೆ 8 ಅಂತ ಹಾರ್ಕೊಂಡು ಹೋಗತ್ತೆ, ಮಧ್ಯದ ಕೋರ್ ಸತ್ತೋಗಿದೆ ಅಂತ ಗಾಬರಿ ಆಗ್ಬೇಡಿ, ನಂಬರ್ ಕೊಡೋ ರೀತಿನೇ ಹಾಗೆ. ಎಎಂಡಿಯಲ್ಲಿ ಟಿಸಿಟಿಎಲ್ ಅಂತ ಒಂದು ಸಾಲು ಇರತ್ತೆ, ರೈಜೆನ್ 3000ದಿಂದ ಈಚೆಗಿನ ಬಹಳಷ್ಟು ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಟಿಸಿಸಿಡಿ1 (ಕೋರ್‌ಗಳಿರೋ ತುಂಡಿನ ಬಿಸಿ) ಅಂತ ಇನ್ನೊಂದೂ ಇರತ್ತೆ.

ಈಗ ಫ್ಯಾನ್ ಸ್ಪೀಡು, ಮದರ್‌ಬೋರ್ಡ್ ಟೆಂಪರೇಚರ್, ವೋಲ್ಟೇಜ್ ಎಲ್ಲ ಬೇಕು ಅಂದ್ರೆ ಮಾತ್ರ 'ಸುಡೊ ಸೆನ್ಸರ್ಸ್-ಡಿಟೆಕ್ಟ್' ಓಡಿಸಿ. ಅದು ಒಂದಾದ ಮೇಲೊಂದು ಪ್ರಶ್ನೆ ಕೇಳತ್ತೆ, ಎಲ್ಲದಕ್ಕೂ ಬರೀ ಎಂಟರ್ ಒತ್ತಿದ್ರೆ ಅದೇ ಸೇಫ್ ಅಂತ ಆರಿಸಿಟ್ಟಿರೋ ಉತ್ತರ ತಗೊಳತ್ತೆ, ಹಾಗೇ ಮಾಡಿ. ಒಂದು ಕಡೆ ಮಾತ್ರ ಹುಷಾರು: ಡೆಬಿಯನ್, ಉಬುಂಟು ಕಡೆ ಕೊನೇ ಪ್ರಶ್ನೆ, ಸಿಕ್ಕಿರೋ ಡ್ರೈವರ್ ಹೆಸರುಗಳನ್ನ ಮಾಡ್ಯೂಲ್ಸ್ ಫೈಲ್‌ಗೆ ಸೇರಿಸ್ಲಾ ಅಂತ, ಅದರ ಡೀಫಾಲ್ಟ್ ಉತ್ತರ 'ನೋ'. ಅಲ್ಲಿಯವರೆಗೆ ಎಂಟರ್ ಒತ್ತಿ ಒತ್ತಿ ರೂಢಿ ಆಗಿರತ್ತಲ್ಲ, ಅದೇ ವೇಗದಲ್ಲಿ ಅದಕ್ಕೂ ಎಂಟರ್ ಒತ್ಬಿಡ್ತಾರೆ, ಆಮೇಲೆ ರೀಬೂಟ್ ಮಾಡಿದ್ರೂ ಫ್ಯಾನ್ ಕಾಣ್ತಿಲ್ಲ ಅಂತ ಬರೀತಾರೆ. ಅಲ್ಲಿ 'ಯೆಸ್' ಅಂತ ಪೂರ್ತಿ ಟೈಪ್ ಮಾಡಿ, ಆಮೇಲೆ ರೀಬೂಟ್ ಮಾಡಿ.

ಗಡಿಯಾರದ ಪಕ್ಕ ಬೇಕು ಅಂದ್ರಲ್ಲ, ನೋಮ್ ಡೆಸ್ಕ್‌ಟಾಪ್‌ಗೆ ವೈಟಲ್ಸ್ ಅನ್ನೋ ಎಕ್ಸ್‌ಟೆನ್ಷನ್ ಇದೆ, ಉಬುಂಟುಗೆ ಅದೇ ಸಾಕು. ಕೆಡಿಇಯಲ್ಲಿ ಸಿಸ್ಟಮ್ ಮಾನಿಟರ್‌ನ ವಿಜೆಟ್ ಪ್ಯಾನೆಲ್‌ಗೆ ಎಳ್ಕೊಂಡು ಅದರಲ್ಲಿ ಸೆನ್ಸರ್ ಆರಿಸ್ಕೊಳ್ಳಬಹುದು, ಎಕ್ಸ್‌ಎಫ್‌ಸಿಇಗೆ ಸೆನ್ಸರ್ಸ್ ಪ್ಲಗಿನ್ ಇದೆ. ಟರ್ಮಿನಲ್ ಇಷ್ಟ ಪಡೋರಿಗೆ ನನ್ನ ಆಯ್ಕೆ ಬಿಟಾಪ್, ಯಾಕಂದ್ರೆ ಯಾವ ಪ್ರೋಗ್ರಾಮ್ ಎಷ್ಟು ತಿಂತಿದೆ ಅನ್ನೋದೂ ಟೆಂಪರೇಚರೂ ಒಂದೇ ಸ್ಕ್ರೀನ್‌ನಲ್ಲಿ ಕಾಣತ್ತೆ, ಬಿಸಿ ಏರಿದ್ದು ಯಾರಿಂದ ಅಂತ ಹುಡುಕೋಕೆ ಬೇರೆ ಕಡೆ ಹೋಗ್ಬೇಕಿಲ್ಲ. ಅದೂ ಬೇಡ ಅಂದ್ರೆ 'ವಾಚ್ ಸೆನ್ಸರ್ಸ್' ಅಂತ ಕೊಡಿ, 2 ಸೆಕೆಂಡಿಗೊಂದ್ಸಲ ತಾನೇ ರಿಫ್ರೆಶ್ ಆಗ್ತಾ ಇರತ್ತೆ.

ಪ್ರಶ್ನೆ: ಸೆನ್ಸರ್ಸ್ ಕಮಾಂಡ್ ಕೊಟ್ರೆ ಒಂದು ಸಾಲಲ್ಲಿ 127 ಡಿಗ್ರಿ ಅಂತಿದೆ, ಇನ್ನೊಂದರಲ್ಲಿ ಮೈನಸ್ 60 ಅಂತಿದೆ, ಎಸಿಪಿಐಟಿಝಡ್ ಅನ್ನೋದು ಬೆಳಗ್ಗೆಯಿಂದ ಸಂಜೆವರೆಗೆ 27.8 ಬಿಟ್ಟು ಕದಲ್ತಿಲ್ಲ. ಯಾವುದನ್ನ ನಂಬೋದು? ಕಂಪ್ಯೂಟರ್ ಸುಟ್ಟೋಗತ್ತಾ?
– ಗಾಬರಿಯಲ್ಲಿರೋ ಓದುಗಿ

ಉತ್ತರ: ಸುಡಲ್ಲ ಮೇಡಂ, ಗಾಬರಿ ಬಿಡಿ. ನಿಜವಾಗ್ಲೂ 127 ಡಿಗ್ರಿ ಆಗಿದ್ರೆ ಮೆಷಿನ್ ಯಾವಾಗ್ಲೋ ಆಫ್ ಆಗಿರ್ತಿತ್ತು, ನೀವು ಈ ಪ್ರಶ್ನೆ ಟೈಪ್ ಮಾಡೋಕೂ ಆಗ್ತಿರ್ಲಿಲ್ಲ.

ಮದರ್‌ಬೋರ್ಡ್ ಮೇಲೆ ಸೂಪರ್ ಐಒ ಅಂತ ಒಂದು ಚಿಪ್ ಇರತ್ತೆ, ನುವೋಟಾನ್ ಅಥವಾ ಐಟಿಇ ಕಂಪನಿದು ಸಾಮಾನ್ಯ. ಆ ಚಿಪ್ಪಿಗೆ ಟೆಂಪರೇಚರ್ ಸೆನ್ಸರ್ ಜೋಡಿಸೋಕೆ ಹಲವು ಪಿನ್ ಇರತ್ತೆ, ಬೋರ್ಡ್ ಮಾಡಿದೋರು ಅದರಲ್ಲಿ ಕೆಲವಕ್ಕೆ ಮಾತ್ರ ಸೆನ್ಸರ್ ಜೋಡಿಸಿರ್ತಾರೆ, ಉಳಿದಿದ್ದು ಖಾಲಿ. ಖಾಲಿ ಪಿನ್ನನ್ನೂ ಡ್ರೈವರ್ ಪಾಪ ಓದೇ ಓದತ್ತೆ, ಆಗ 127, ಮೈನಸ್ 60 ತರದ ಅರ್ಥ ಇಲ್ಲದ ಅಂಕಿ ಬರತ್ತೆ, ಸಾಮಾನ್ಯವಾಗಿ ಎಯುಎಕ್ಸ್‌ಟಿನ್ ಅಂತ ಹೆಸರಿರೋ ಸಾಲುಗಳಲ್ಲಿ. ಎಸಿಪಿಐಟಿಝಡ್ ಅನ್ನೋದು ಬಯಾಸ್ (ಮದರ್‌ಬೋರ್ಡ್ ಒಳಗೇ ಇರೋ ಸಾಫ್ಟ್‌ವೇರ್) ಹೇಳಿದ್ದನ್ನ ಹಾಗೇ ತೋರಿಸೋದು, ಎಷ್ಟೋ ಡೆಸ್ಕ್‌ಟಾಪ್ ಬೋರ್ಡ್‌ಗಳ ಬಯಾಸ್ ಅಲ್ಲಿ ಒಂದು ಫಿಕ್ಸ್ ಅಂಕಿ ಕೊಟ್ಟು ಸುಮ್ಮನಾಗಿರತ್ತೆ, 27.8 ಅನ್ನೋದು ತುಂಬ ಜನಕ್ಕೆ ಕಾಣೋ ಅಂಕಿ. ಕೆಲವು ಪ್ಯಾನೆಲ್ ವಿಜೆಟ್‌ಗಳು ಗೊತ್ತಿಲ್ಲದೇ ಇದನ್ನೇ ಪ್ರೊಸೆಸರ್ ಟೆಂಪರೇಚರ್ ಅಂತ ಎತ್ಕೊಂಡು ತೋರಿಸ್ಬಿಡತ್ತೆ, ನಿಮ್ಮ ಪ್ರೊಸೆಸರ್ ಎಷ್ಟು ಕೆಲಸ ಮಾಡಿದ್ರೂ ತಣ್ಣಗೇ ಇದೆ ಅನ್ನಿಸಿದ್ರೆ ಮೊದಲು ಇದನ್ನ ಚೆಕ್ ಮಾಡಿ.

ನೀವು ನೋಡ್ಬೇಕಾಗಿರೋದು ಕೋರ್‌ಟೆಂಪ್ ಅಥವಾ ಕೆ10ಟೆಂಪ್ ಅನ್ನೋ ತಲೆಬರಹದ ಕೆಳಗಿರೋದನ್ನ ಮಾತ್ರ. ಅದರಲ್ಲೂ ಎಎಂಡಿಯವರಿಗೆ ಒಂದು ಮಾತು: ಟಿಸಿಟಿಎಲ್ ಅನ್ನೋದು ಫ್ಯಾನ್ ಕಂಟ್ರೋಲ್‌ಗೋಸ್ಕರ ಇರೋ ಅಂಕಿ, ಕೆಲವು ಹಳೇ ರೈಜೆನ್‌ಗಳಲ್ಲಿ ಅದು ನಿಜವಾದ ಬಿಸಿಗಿಂತ ಜಾಸ್ತಿ ತೋರಿಸತ್ತೆ. 1700ಎಕ್ಸ್, 1800ಎಕ್ಸ್‌ಗಳಲ್ಲಿ 20 ಡಿಗ್ರಿ ಜಾಸ್ತಿ, 2700ಎಕ್ಸ್‌ನಲ್ಲಿ 10 ಡಿಗ್ರಿ ಜಾಸ್ತಿ. ಕೆ10ಟೆಂಪ್ ಡ್ರೈವರ್‌ಗೆ ಇದು ಗೊತ್ತು, ಅದನ್ನ ಕಳೆದು ಟಿಡೈ ಅಂತ ಬೇರೆ ಸಾಲು ಕೊಡತ್ತೆ, ಆ ಸಾಲು ಇದ್ರೆ ಅದನ್ನೇ ನೋಡಿ.

ಬೇಡದ ಸಾಲು ಕಣ್ಣಿಗೆ ಬೀಳದ ಹಾಗೆ ಮಾಡೋದೂ ಸುಲಭ. 'ಸೆನ್ಸರ್ಸ್ -ಯು' ಅಂತ ಕೊಟ್ರೆ ಆ 127 ಇರೋ ಸಾಲಿನ ಒಳಹೆಸರು ಟೆಂಪ್7 ಅಂತಲೋ ಟೆಂಪ್5 ಅಂತಲೋ ಗೊತ್ತಾಗತ್ತೆ. /ಇಟಿಸಿ/ಸೆನ್ಸರ್ಸ್.ಡಿ ಫೋಲ್ಡರ್‌ನಲ್ಲಿ ಒಂದು ಹೊಸ ಫೈಲ್ ಮಾಡಿ, ಮೊದಲ್ನೇ ಸಾಲಲ್ಲಿ 'ಚಿಪ್' ಅಂತ ಬರೆದು ಮುಂದೆ ಡಬಲ್ ಕೋಟ್ ಒಳಗೆ ಚಿಪ್ಪಿನ ಹೆಸರು ಹಾಕಿ, ಎರಡನೇ ಸಾಲಲ್ಲಿ 'ಇಗ್ನೋರ್ ಟೆಂಪ್7' ಅಂತ ಬರೀರಿ. ಮುಂದಿನ ಸಲ ಸೆನ್ಸರ್ಸ್ ಕೊಟ್ಟಾಗ ಆ ಸಾಲೇ ಇರಲ್ಲ.

ಪ್ರಶ್ನೆ: ಎಷ್ಟು ಡಿಗ್ರಿ ಇದ್ರೆ ಒಳ್ಳೇದು? ಸ್ನೇಹಿತನದು 40 ಇರತ್ತೆ, ನಂದು 55. ಬ್ರೌಸರ್ ತೆಗೆದ್ರೆ ಸಾಕು 70ಕ್ಕೆ ಹಾರತ್ತೆ.
– ಒಬ್ಬ ಓದುಗ

ಉತ್ತರ: ಸ್ನೇಹಿತನ ಮೆಷಿನ್ ಜೊತೆ ಹೋಲಿಸೋದನ್ನ ಮೊದಲು ಬಿಡಿ. ಅವನ ಪ್ರೊಸೆಸರ್ ಬೇರೆ, ಕೂಲರ್ ಬೇರೆ, ಕ್ಯಾಬಿನೆಟ್ ಬೇರೆ, ರೂಮಿನ ಬಿಸಿನೂ ಬೇರೆ. ರೂಮ್ 10 ಡಿಗ್ರಿ ಬಿಸಿ ಆದ್ರೆ ಪ್ರೊಸೆಸರ್ರೂ ಹೆಚ್ಚುಕಡಿಮೆ 10 ಡಿಗ್ರಿ ಏರತ್ತೆ, ಚಳಿಗಾಲದ ಅಂಕಿನ ಬೇಸಿಗೇಲಿ ಹಿಡ್ಕೊಂಡು ಕೂತ್ರೆ ಸುಮ್ಸುಮ್ನೆ ತಲೆನೋವು.

ಅಂದಾಜು ಬೇಕು ಅಂದ್ರೆ, ಸುಮ್ನೆ ಇದ್ದಾಗ 35ರಿಂದ 50, ಜೋರು ಕೆಲಸ ಇದ್ದಾಗ 60ರಿಂದ 85, ಇದರೊಳಗೆ ಇದ್ರೆ ಯೋಚನೆ ಇಲ್ಲ. ನಿಮ್ಮ 55 ಸ್ವಲ್ಪ ಮೇಲಿದೆ, ಆದ್ರೆ ಅದೊಂದರಿಂದ ಏನೂ ಕೆಡಲ್ಲ. ಬ್ರೌಸರ್ ತೆಗೆದಾಗ ಹಾರೋದು ಈಗಿನ ಪ್ರೊಸೆಸರ್‌ಗಳ ಸ್ವಭಾವ, ಸ್ವಲ್ಪ ಕೆಲಸ ಬಂದ್ರೂ ಅರೆಕ್ಷಣದಲ್ಲಿ ಬೂಸ್ಟ್ ಸ್ಪೀಡಿಗೆ ಹೋಗತ್ತೆ, ವೋಲ್ಟೇಜ್ ಏರತ್ತೆ, ಚಿಪ್ ತೀರಾ ಚಿಕ್ಕದಾಗಿರೋದ್ರಿಂದ ಬಿಸಿ ಕೂಲರ್‌ಗೆ ಹರಡೋ ಮೊದಲೇ ಸೆನ್ಸರ್‌ನಲ್ಲಿ 15–20 ಡಿಗ್ರಿ ಕಾಣಿಸ್ಕೊಂಡು ಹಾಗೇ ಇಳಿಯತ್ತೆ. ಇಳಿದ್ರೆ ಸರಿ. ಏರಿದ್ದು ಇಳೀಲೇ ಇಲ್ಲ ಅಂದ್ರೆ ಆಗ ಬಿಟಾಪ್ ತೆಗೆದು ಯಾರು ಕೂತು ತಿಂತಿದಾರೆ ನೋಡಿ.

ಇನ್ನು ಮಿತಿ ಅನ್ನೋದು ಚಿಪ್ಪಿಂದ ಚಿಪ್ಪಿಗೆ ಬೇರೆ. ರೈಜೆನ್ 7 5800ಎಕ್ಸ್3ಡಿಗೆ 90 ಡಿಗ್ರಿ, ಆದ್ರೆ ರೈಜೆನ್ 7000 ಸರಣಿಯ 7950ಎಕ್ಸ್ ತರದ್ದು ಫುಲ್ ಲೋಡ್‌ನಲ್ಲಿ 95 ಮುಟ್ಟಿ ಅಲ್ಲೇ ನಿಂತು ಕೆಲಸ ಮಾಡೋ ಹಾಗೇ ಎಎಂಡಿ ಡಿಸೈನ್ ಮಾಡಿರೋದು, ಅದನ್ನ ನೋಡಿ ಕೂಲರ್ ಕೆಟ್ಟಿದೆ ಅಂತ ಹೊಸದು ತಂದು ಹಾಕಿದ್ರೂ ಎಷ್ಟೋ ಸಲ ಅದು ಮತ್ತೆ 95ಕ್ಕೇ ಬಂದು ನಿಲ್ಲತ್ತೆ, ಸ್ಪೀಡ್ ಮಾತ್ರ ಒಂಚೂರು ಜಾಸ್ತಿ ಆಗತ್ತೆ. ಅದಕ್ಕೇ ನಾನು ಎಲ್ರಿಗೂ ಹೇಳೋದು ಒಂದೇ, ಮೆಷಿನ್ ಚೆನ್ನಾಗಿದ್ದಾಗ್ಲೇ ಸುಮ್ನೆ ಇದ್ದಾಗ ಎಷ್ಟು, 10 ನಿಮಿಷ ಫುಲ್ ಲೋಡ್ ಕೊಟ್ಟಾಗ ಎಷ್ಟು, ಆಗ ರೂಮ್ ಎಷ್ಟು ಬಿಸಿ ಇತ್ತು, ಈ ಮೂರನ್ನ ಒಂದು ಕಡೆ ಬರ್ದಿಟ್ಕೊಳ್ಳಿ. ಆರು ತಿಂಗಳಾದ್ಮೇಲೆ ಅದೇ ರೂಮ್, ಅದೇ ಲೋಡು, ಆದ್ರೆ 12 ಡಿಗ್ರಿ ಜಾಸ್ತಿ ಅಂದ್ರೆ ಧೂಳು ಕಟ್ಟಿದೆ ಅಥವಾ ಚಿಪ್ಪಿಗೂ ಕೂಲರ್‌ಗೂ ಮಧ್ಯ ಹಚ್ಚಿರೋ ಪೇಸ್ಟ್ ಒಣಗಿದೆ ಅಂತ ಅರ್ಥ. ನಿಮ್ಮ ಮೆಷಿನ್ನಿನ ಹಳೇ ಅಂಕಿಗಿಂತ ಒಳ್ಳೇ ಅಳತೆಗೋಲು ಬೇರೆ ಯಾರೂ ಕೊಡೋಕಾಗಲ್ಲ.

ಪ್ರಶ್ನೆ: ವಿಡಿಯೋ ಎಡಿಟಿಂಗ್ ಮಾಡ್ತೀನಿ. ಎಕ್ಸ್‌ಪೋರ್ಟ್‌ಗೆ ಹಾಕಿದ್ರೆ ಮೊದಲ ಕೆಲವು ನಿಮಿಷ ಜೋರಾಗಿ ಹೋಗತ್ತೆ, ಆಮೇಲೆ ನಿಧಾನ ಆಗ್ಬಿಡತ್ತೆ, ಎರಡು ಸಲ ಇದ್ದಕ್ಕಿದ್ದ ಹಾಗೆ ಪೂರ್ತಿ ಆಫ್ ಆಯ್ತು. ಬಿಸಿಯಿಂದನೇ ಹೀಗಾಗ್ತಿರೋದು ಅಂತ ಖಚಿತವಾಗಿ ತಿಳ್ಕೊಳ್ಳೋದು ಹೇಗೆ?
– ಹವ್ಯಾಸಿ ವಿಡಿಯೋ ಎಡಿಟರ್

ಉತ್ತರ: ಒಳ್ಳೇ ಪ್ರಶ್ನೆ, ಯಾಕಂದ್ರೆ ಇಂಥ ಟೈಮಲ್ಲಿ ಊಹೆ ಮೇಲೆ ಪಾರ್ಟ್ ಬದಲಾಯಿಸೋರೇ ಜಾಸ್ತಿ. ಪ್ರೊಸೆಸರ್ ತನ್ನ ಮಿತಿ ಮುಟ್ಟಿದಾಗ ತಾನೇ ಸ್ಪೀಡ್ ಇಳಿಸ್ಕೊಳತ್ತೆ, ಇದನ್ನೇ ಥ್ರಾಟ್ಲಿಂಗ್ ಅನ್ನೋದು, ಅದೂ ಸಾಲದೇ ಬಿಸಿ ಇನ್ನೂ ಏರಿದ್ರೆ ಹಾರ್ಡ್‌ವೇರೇ ಕರೆಂಟ್ ಕಟ್ ಮಾಡತ್ತೆ. ನಿಮ್ಮ ಲಕ್ಷಣ ಎರಡಕ್ಕೂ ಹೊಂದತ್ತೆ, ಆದ್ರೂ ಸಾಕ್ಷಿ ನೋಡೋಣ.

ಇಂಟೆಲ್ ಆಗಿದ್ರೆ ಕರ್ನಲ್ ಇದನ್ನ ಎಣಿಸಿಟ್ಟಿರತ್ತೆ. /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯು0/ಥರ್ಮಲ್_ಥ್ರಾಟಲ್ ಫೋಲ್ಡರ್‌ನಲ್ಲಿ ಕೋರ್_ಥ್ರಾಟಲ್_ಕೌಂಟ್, ಪ್ಯಾಕೇಜ್_ಥ್ರಾಟಲ್_ಕೌಂಟ್ ಅಂತ ಎರಡು ಫೈಲ್ ಇದೆ, ಎಕ್ಸ್‌ಪೋರ್ಟ್‌ಗೆ ಮೊದಲು ಒಂದ್ಸಲ 'ಕ್ಯಾಟ್' ಕಮಾಂಡಲ್ಲಿ ತೆಗೆದು ನೋಡಿ, ಮುಗಿದ್ಮೇಲೆ ಇನ್ನೊಂದ್ಸಲ ನೋಡಿ, ಅಂಕಿ ಏರಿದ್ರೆ ಬಿಸಿಗೇ ನಿಧಾನ ಆಗಿರೋದು, ವಾದಕ್ಕೆ ಜಾಗ ಇಲ್ಲ. 'ಜರ್ನಲ್‌ಸಿಟಿಎಲ್ -ಕೆ' ಕೊಟ್ಟು ಅದರಲ್ಲಿ ಥ್ರಾಟಲ್ಡ್ ಅನ್ನೋ ಪದ ಹುಡುಕಿದ್ರೂ ಕೋರ್ ಟೆಂಪರೇಚರ್ ಮಿತಿ ದಾಟಿತು ಅನ್ನೋ ಸಾಲು ಸಿಗಬಹುದು. ಪೂರ್ತಿ ಆಫ್ ಆಗಿದ್ದಕ್ಕೆ ಮಾತ್ರ ಲಾಗ್‌ನಲ್ಲಿ ಏನೂ ಇರದೇ ಇರಬಹುದು, ಹಾರ್ಡ್‌ವೇರ್ ಕರೆಂಟ್ ಕಿತ್ತಾಗ ಬರೆಯೋಕೆ ಲಿನಕ್ಸ್‌ಗೆ ಟೈಮೇ ಸಿಗಲ್ಲ, ಲಾಗ್ ಅರ್ಧಕ್ಕೇ ನಿಂತಿರತ್ತೆ.

ಹಾಗಾಗಿ ಎಸ್-ಟಿಯುಐ ಅಂತ ಒಂದು ಟೂಲ್ ಹಾಕ್ಕೊಳ್ಳಿ, ಜೊತೆಗೆ ಸ್ಟ್ರೆಸ್-ಎನ್‌ಜಿ. ಎಸ್-ಟಿಯುಐ ಒಂದೇ ಸ್ಕ್ರೀನ್‌ನಲ್ಲಿ ಸ್ಪೀಡು, ಲೋಡು, ಟೆಂಪರೇಚರು, ಮೆಷಿನ್ ಸಪೋರ್ಟ್ ಮಾಡಿದ್ರೆ ಪವರ್ರೂ ಗ್ರಾಫ್ ಆಗಿ ತೋರಿಸತ್ತೆ. ಪಕ್ಕದ ಟರ್ಮಿನಲ್‌ನಲ್ಲಿ 'ಸ್ಟ್ರೆಸ್-ಎನ್‌ಜಿ --ಸಿಪಿಯು 0 --ಟೈಮ್‌ಔಟ್ 10ಎಂ' ಕೊಡಿ, ಇಲ್ಲಿ 0 ಅಂದ್ರೆ ಇರೋ ಎಲ್ಲಾ ಕೋರ್‌ಗೂ ಕೆಲಸ ಕೊಡು ಅಂತ. ಓಪನ್ ಇರೋ ಫೈಲ್ ಎಲ್ಲ ಸೇವ್ ಮಾಡ್ಕೊಂಡು, ಮುಂದೆ ಕೂತ್ಕೊಂಡೇ ಮಾಡಿ, ಮೆಷಿನ್ ಮತ್ತೆ ಆಫ್ ಆಗಬಹುದು.

ಈಗ ಗ್ರಾಫ್ ಏರೋ ರೀತಿ ನೋಡಿ, ನಿಜವಾದ ಉತ್ತರ ಅಲ್ಲಿರೋದು. ಶುರು ಮಾಡಿದ ಕೆಲವೇ ಸೆಕೆಂಡಲ್ಲಿ 50ರಿಂದ ನೇರ 100ಕ್ಕೆ ಹೋಯ್ತು ಅಂದ್ರೆ ಬಿಸಿ ಚಿಪ್ಪಿಂದ ಕೂಲರ್‌ಗೆ ದಾಟ್ತಾನೇ ಇಲ್ಲ: ಕೂಲರ್ ಒಂದು ಮೂಲೇಲಿ ಸಡಿಲ ಆಗಿದೆ, ಪೇಸ್ಟ್ ಒಣಗಿದೆ, ಹೊಸ ಕೂಲರ್ ಆದ್ರೆ ತಳದ ಪ್ಲಾಸ್ಟಿಕ್ ಹಾಳೆ ಕೀಳದೇ ಹಾಕಿದಾರೆ, ಲಿಕ್ವಿಡ್ ಕೂಲರ್ ಆದ್ರೆ ಪಂಪ್ ತಿರುಗ್ತಿಲ್ಲ. ಅದೇ ಹಲವು ನಿಮಿಷ ತಗೊಂಡು ನಿಧಾನಕ್ಕೆ 75, 82, 90 ಅಂತ ತೆವಳ್ಕೊಂಡು ಏರಿದ್ರೆ ಕೂಲರ್ ತನ್ನ ಕೆಲಸ ಮಾಡ್ತಿದೆ, ಕ್ಯಾಬಿನೆಟ್ ಒಳಗಿನ ಬಿಸಿ ಗಾಳಿ ಆಚೆ ಹೋಗ್ತಿಲ್ಲ, ಧೂಳು ಕಟ್ಟಿದೆ ಅಥವಾ ಫ್ಯಾನ್ ಉಲ್ಟಾ ಕೂತಿದೆ. ಪಕ್ಕದ ಬಾಗಿಲು ತೆಗೆದಿಟ್ಟು ಇದೇ ಟೆಸ್ಟ್ ಇನ್ನೊಂದ್ಸಲ ಮಾಡಿ, 8–10 ಡಿಗ್ರಿ ಇಳಿದ್ರೆ ಗಾಳಿದೇ ಸಮಸ್ಯೆ ಅಂತ ಪಕ್ಕಾ. ನಿಮ್ಮದು ಕೆಲವು ನಿಮಿಷ ಆದ್ಮೇಲೆ ನಿಧಾನ ಆಗೋದ್ರಿಂದ ಈ ಎರಡನೇದೇ ಇರಬಹುದು ಅನ್ಸತ್ತೆ, ಆದ್ರೆ ನೋಡಿನೇ ತೀರ್ಮಾನ ಮಾಡಿ.

ಮೂರನೇದೂ ಒಂದಿದೆ: 70 ಡಿಗ್ರಿಯಲ್ಲಿ ಆರಾಮಾಗಿ ಇದ್ದಾಗ್ಲೇ ದಢಕ್ ಅಂತ ಆಫ್ ಆದ್ರೆ ಪ್ರೊಸೆಸರ್ ಬಿಸಿ ಅದಕ್ಕೆ ಕಾರಣ ಅಲ್ಲ, ಪವರ್ ಸಪ್ಲೈ ಕಡೆ ನೋಡಿ. ಎಡಿಟಿಂಗ್ ಸಾಫ್ಟ್‌ವೇರ್ ಗ್ರಾಫಿಕ್ಸ್ ಕಾರ್ಡನ್ನೂ ದುಡಿಸತ್ತೆ, ಅದರ ಬಿಸಿನ ಎನ್‌ವಿಡಿಯಾ ಆದ್ರೆ 'ಎನ್‌ವಿಡಿಯಾ-ಎಸ್‌ಎಂಐ' ಕಮಾಂಡಲ್ಲಿ ನೋಡಿ, ಎಎಂಡಿ ಕಾರ್ಡಾದ್ರೆ ಸೆನ್ಸರ್ಸ್‌ನಲ್ಲೇ ಎಎಂಡಿಜಿಪಿಯು ಅಂತ ಬರತ್ತೆ.

ಧೂಳು ತೆಗೆಯೋಕೆ ಕೂತಾಗ ವೈರ್ ಗೋಡೆಯಿಂದ ಕಿತ್ತಿಡಿ, ಗಾಳಿ ಊದೋವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ಬಿಟ್ರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗತ್ತೆ.

ಪ್ರಶ್ನೆ: ರಾತ್ರಿ ಪೂರ್ತಿ ಓಡೋ ಕೆಲಸ ಇದೆ, ನಾನು ಮಲಗಿರ್ತೀನಿ. ಟೆಂಪರೇಚರ್ ಎಷ್ಟೊತ್ತಿಗೆ ಎಷ್ಟಿತ್ತು ಅಂತ ಬೆಳಗ್ಗೆ ನೋಡೋ ಹಾಗೆ ಬರೆದಿಡೋಕೆ ಆಗತ್ತಾ?
– ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಆಗತ್ತೆ. ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಸಾಕು, ಒಂದು ವೈಲ್ ಲೂಪ್, ಅದರೊಳಗೆ 'ಡೇಟ್', ಆಮೇಲೆ 'ಸೆನ್ಸರ್ಸ್', ಆಮೇಲೆ 'ಸ್ಲೀಪ್ 60', ಔಟ್‌ಪುಟ್ ಎಲ್ಲ ಒಂದು ಫೈಲ್‌ನ ಕೊನೆಗೆ ಸೇರ್ತಾ ಹೋಗೋ ಹಾಗೆ ಎರಡು ಗ್ರೇಟರ್ ದ್ಯಾನ್ ಗುರುತು ಹಾಕಿ, ಒಂದೇ ಹಾಕಿದ್ರೆ ಪ್ರತಿ ಸಲ ಹಳೇದು ಅಳಿಸಿ ಹೋಗಬಹುದು. ಪೈಥಾನ್‌ನಲ್ಲಿ ಗ್ರಾಫ್ ಮಾಡೋ ಯೋಚನೆ ಇದ್ರೆ 'ಸೆನ್ಸರ್ಸ್ -ಜೆ' ಬಳಸಿ, ಜೇಸನ್ ಫಾರ್ಮ್ಯಾಟ್‌ನಲ್ಲೇ ಕೊಡತ್ತೆ.

ಕೆಲವರು ನೇರವಾಗಿ ಹೆಚ್‌ಡಬ್ಲ್ಯುಮಾನ್2 ಫೋಲ್ಡರ್‌ನ ಫೈಲನ್ನೇ ಓದೋ ಹಾಗೆ ಬರೀತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಆ ನಂಬರ್ ಡ್ರೈವರ್ ಲೋಡ್ ಆದ ಕ್ರಮದ ಮೇಲೆ ಬರೋದು, ಇವತ್ತು 2 ಇದ್ದಿದ್ದು ನಾಳೆ ರೀಬೂಟ್ ಆದ್ಮೇಲೆ 3 ಆಗಬಹುದು, ಆಗ ನೀವು ಪ್ರೊಸೆಸರ್ ಅಂದ್ಕೊಂಡು ಎಸ್‌ಎಸ್‌ಡಿಯ ಟೆಂಪರೇಚರ್ ಬರ್ಕೊಂಡು ಕೂತಿರ್ತೀರಿ. ಪ್ರತಿ ಫೋಲ್ಡರ್‌ನಲ್ಲೂ 'ನೇಮ್' ಅಂತ ಒಂದು ಫೈಲ್ ಇರತ್ತೆ, ಸ್ಕ್ರಿಪ್ಟ್ ಮೊದಲು ಅದನ್ನ ಓದಿ ಕೋರ್‌ಟೆಂಪ್ ಅಥವಾ ಕೆ10ಟೆಂಪ್ ಅಂತ ಇರೋದನ್ನ ಹುಡುಕ್ಕೊಳ್ಳಲಿ. ಅಂದಹಾಗೆ ಎನ್‌ವಿಎಂಇ ಎಸ್‌ಎಸ್‌ಡಿ ಟೆಂಪರೇಚರ್ ಕರ್ನಲ್ 5.5ರಿಂದ ಸೆನ್ಸರ್ಸ್‌ನಲ್ಲೇ ಬರತ್ತೆ, ಸಾಟಾ ಡಿಸ್ಕ್ ಆದ್ರೆ 5.6ರಿಂದ ಡ್ರೈವ್‌ಟೆಂಪ್ ಅನ್ನೋ ಮಾಡ್ಯೂಲ್ ಇದೆ, 'ಸುಡೊ ಮಾಡ್‌ಪ್ರೋಬ್ ಡ್ರೈವ್‌ಟೆಂಪ್' ಕೊಟ್ರೆ ಅದೂ ಅದೇ ಪಟ್ಟಿಗೆ ಸೇರತ್ತೆ.

ಪ್ರಶ್ನೆ: ವರ್ಚುವಲ್ ಮೆಷಿನ್ ಒಳಗೆ ಲಿನಕ್ಸ್ ಹಾಕಿದೀನಿ, ಸೆನ್ಸರ್ಸ್ ಕೊಟ್ರೆ ಯಾವ ಸೆನ್ಸರ್ರೂ ಸಿಗ್ಲಿಲ್ಲ ಅಂತಿದೆ.
– ಒಬ್ಬ ಓದುಗ

ಉತ್ತರ: ಸಿಗಲ್ಲ. ಒಳಗಿನ ಲಿನಕ್ಸ್‌ಗೆ ಕಾಣೋದು ಸಾಫ್ಟ್‌ವೇರ್ ಮಾಡಿಕೊಟ್ಟಿರೋ ಪ್ರೊಸೆಸರ್, ನಿಜವಾದ ಚಿಪ್ಪಿನ ಸೆನ್ಸರ್ ಅಲ್ಲಿಗೆ ಬರಲ್ಲ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್‌ನಲ್ಲೂ ಇದೇ ಕಥೆ. ಹೊರಗಡೆ ಓಡ್ತಿರೋ ಮುಖ್ಯ ಸಿಸ್ಟಮ್‌ನಲ್ಲೇ ನೋಡ್ಬೇಕು.

ಪ್ರಶ್ನೆ: ಬಿಸಿ ಆದಾಗ ಫ್ಯಾನ್ ಜೋರಾಗಿ ತಿರುಗೋ ಹಾಗೆ ಲಿನಕ್ಸ್‌ನಿಂದಲೇ ಕಂಟ್ರೋಲ್ ಮಾಡ್ಬಹುದಾ?
– ಒಬ್ಬ ಓದುಗಿ

ಉತ್ತರ: ಮಾಡ್ಬಹುದು, ಪಿಡಬ್ಲ್ಯುಎಂಕಾನ್ಫಿಗ್ ಓಡಿಸಿ ಸೆಟಿಂಗ್ ಫೈಲ್ ಮಾಡ್ಕೊಂಡು ಫ್ಯಾನ್‌ಕಂಟ್ರೋಲ್ ಸರ್ವಿಸ್ ಶುರು ಮಾಡಿದ್ರೆ ಆಯ್ತು. ಯಾವ ಫ್ಯಾನ್ ಯಾವುದಕ್ಕೆ ಸೇರಿದೆ ಅಂತ ಕಂಡುಹಿಡಿಯೋಕೆ ಅದು ಒಂದೊಂದೇ ಫ್ಯಾನ್ ಸ್ವಲ್ಪ ಹೊತ್ತು ನಿಲ್ಲಿಸಿ ನೋಡತ್ತೆ, ಆಗ ಬೇರೆ ಭಾರೀ ಕೆಲಸ ಏನೂ ಓಡ್ತಿರಬಾರದು. ಆದ್ರೂ ನನ್ನ ಕೇಳಿದ್ರೆ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ಸ್ಪೀಡು ಅನ್ನೋ ಸೆಟಿಂಗ್) ಬಯಾಸ್‌ನಲ್ಲೇ ಸೆಟ್ ಮಾಡಿ ಅಂತೀನಿ. ಲಿನಕ್ಸ್ ಹ್ಯಾಂಗ್ ಆದ್ರೆ ಫ್ಯಾನ್‌ಕಂಟ್ರೋಲೂ ಹ್ಯಾಂಗ್ ಆಗತ್ತೆ, ಫ್ಯಾನ್ ಕೊನೇಲಿ ಯಾವ ಸ್ಪೀಡಲ್ಲಿತ್ತೋ ಅದರಲ್ಲೇ ಸಿಕ್ಕಾಕ್ಕೊಳ್ಳಬಹುದು, ಬಯಾಸ್‌ನಲ್ಲಿ ಸೆಟ್ ಮಾಡಿದ್ದನ್ನ ಮದರ್‌ಬೋರ್ಡೇ ನೋಡ್ಕೊಳ್ಳೋದ್ರಿಂದ ಆಪರೇಟಿಂಗ್ ಸಿಸ್ಟಮ್ ಏನಾದ್ರೂ ಫ್ಯಾನ್ ತನ್ನ ಪಾಡಿಗೆ ಏರಿಳಿತಾ ಇರತ್ತೆ.